ಹೃದಯದ ಸುತ್ತ ಕೊಬ್ಬು, ತಾಳ ತಪ್ಪುವ ನಾಡಿ: ಮಲೆನಾಡಿನವರು ಏನು ಮಾಡಬೇಕು?

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬಂದವರ ರಿಪೋರ್ಟಿನಲ್ಲಿ ಒಮ್ಮೊಮ್ಮೆ ಕೊನೆಗೆ ಒಂದು ಸಾಲು ಇರುತ್ತದೆ: ‘ಎಪಿಕಾರ್ಡಿಯಲ್ ಫ್ಯಾಟ್ ಪ್ಯಾಡ್’. ಡಾಕ್ಟರ್ ಅದರ ಬಗ್ಗೆ ಏನೂ ಹೇಳಿರುವುದಿಲ್ಲ. ಮನೆಗೆ ಬಂದ ಮೇಲೆ ಮಗಳೋ ಅಳಿಯನೋ ಮೊಬೈಲಿನಲ್ಲಿ ಹುಡುಕುತ್ತಾರೆ, ಹೃದಯದ ಮೇಲೆ ಕೊಬ್ಬು ಕೂತಿದೆಯಂತೆ ಅಂತ ಗೊತ್ತಾಗುತ್ತದೆ, ಅಲ್ಲಿಂದ ಶುರು. ತುಪ್ಪ ಬಂದ್, ತೆಂಗಿನಕಾಯಿ ಬಂದ್, ಯಾರೋ ಹೇಳಿದ ಕಷಾಯ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಇಷ್ಟೆಲ್ಲ ಮಾಡುವವರಿಗೆ ಮಣಿಕಟ್ಟಿನ ನಾಡಿ ಮುಟ್ಟಿ ನೋಡಬೇಕು ಅಂತ ಮಾತ್ರ ಹೊಳೆಯುವುದಿಲ್ಲ.

ನನ್ನ ಪ್ರಕಾರ ಆಗಬೇಕಾದ್ದು ಇದರ ಉಲ್ಟಾ. ಕೊಬ್ಬು ಎಷ್ಟಿದೆ ಅಂತ ಅಳೆಯಲು ಓಡಾಡಬೇಡಿ. ಮೊದಲು ನಾಡಿ ನೋಡಿ, ಆಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆಯಾ ಕೇಳಿ, ಕೊಬ್ಬಿನ ಸರದಿ ಮೂರನೆಯದು. ನಾನು ಡಾಕ್ಟರ್ ಅಲ್ಲ, ಮನೆಯ ಹಿರಿಯರ ಜೊತೆ ಆಸ್ಪತ್ರೆಗೆ ಓಡಾಡುತ್ತಾ, ಕೇಳುತ್ತಾ, ಓದುತ್ತಾ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ್ ಕೆಲಸ.

ಮೊದಲು ಇದೇನು ಅಂತ ತಿಳಿದುಕೊಳ್ಳಿ

ಎಲ್ಲರ ಹೃದಯದ ಮೇಲೂ ಕೊಬ್ಬು ಇದ್ದೇ ಇರುತ್ತದೆ. ಸಣಕಲು ಮನುಷ್ಯನ ಹೃದಯದ ಮೇಲೂ ಇರುತ್ತದೆ. ಹೃದಯದ ಒಟ್ಟು ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಇದೇ. ಹೃದಯದ ಸ್ನಾಯುವಿಗೆ ಬೇಕಾದಾಗ ಶಕ್ತಿ ಒದಗಿಸುವುದು, ಅಲ್ಲಿನ ರಕ್ತನಾಳಗಳಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು, ಬೆಚ್ಚಗಿಡುವುದು ಇದರ ಕೆಲಸ. ಹಾಗಾಗಿ ಪೂರ್ತಿ ಕರಗಿಸಬೇಕು ಅನ್ನುವ ಮಾತೇ ಇಲ್ಲ. ಅದು ದಪ್ಪವಾದಾಗ ತೊಂದರೆ.

ಹೃದಯದ ಸುತ್ತ ಒಂದು ತೆಳು ಚೀಲ ಇದೆ. ಚೀಲದ ಹೊರಗಿರುವ ಕೊಬ್ಬು ಬೇರೆ, ಒಳಗೆ ಸ್ನಾಯುವಿಗೇ ಅಂಟಿಕೊಂಡಿರುವುದು ಬೇರೆ. ಎಪಿಕಾರ್ಡಿಯಲ್ ಅನ್ನುವುದು ಈ ಒಳಗಿನದು. ಇದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಯಾವ ಪದರವೂ ಅಡ್ಡ ಇಲ್ಲ. ಎರಡಕ್ಕೂ ಒಂದೇ ಸಣ್ಣ ರಕ್ತನಾಳಗಳಿಂದ ರಕ್ತ ಹೋಗುತ್ತದೆ. ಅಂದರೆ ಈ ಕೊಬ್ಬಿನಲ್ಲಿ ಏನು ತಯಾರಾದರೂ ನೇರವಾಗಿ ಪಕ್ಕದ ಸ್ನಾಯುವಿಗೆ ತಲುಪುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ‘ಹಾರ್ಟಲ್ಲಿ ಕೊಬ್ಬು ಕಟ್ಟಿದೆ’ ಅಂತ ನಮ್ಮ ಕಡೆ ಹೇಳುವುದು ಸಾಮಾನ್ಯವಾಗಿ ರಕ್ತನಾಳದ ಒಳಗೆ ಆಗುವ ಬ್ಲಾಕ್ ಬಗ್ಗೆ. ಈ ಲೇಖನದ ಕೊಬ್ಬು ಹೃದಯದ ಹೊರಮೈ ಮೇಲಿನದು. ಅದಕ್ಕೆ ಸ್ಟೆಂಟ್ ಹಾಕುವುದಿಲ್ಲ. ರಕ್ತದ ಕೊಲೆಸ್ಟ್ರಾಲ್ ನಾರ್ಮಲ್ ಬಂದವರಿಗೂ ಇದು ದಪ್ಪ ಇರಬಹುದು. ಇದು ಹೊಟ್ಟೆಯ ಒಳಗೆ, ಕರುಳು ಲಿವರ್ ಸುತ್ತ ಸೇರುವ ಕೊಬ್ಬಿನ ಜೊತೆಗೇ ಹೆಚ್ಚುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ನೋಡಿರುತ್ತೀರಿ. ನಮ್ಮಲ್ಲಿ ಅಂಥವರೇ ಜಾಸ್ತಿ, ಮತ್ತು ‘ನಾನೇನು ದಪ್ಪ ಇಲ್ಲವಲ್ಲ’ ಅಂತ ನಿಶ್ಚಿಂತರಾಗಿರುವವರೂ ಅವರೇ.

ಕೊಬ್ಬಿಗೂ ತಾಳ ತಪ್ಪುವುದಕ್ಕೂ ಏನು ಸಂಬಂಧ?

ಹೃದಯದಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೇಲಿನ ಬಲ ಕೋಣೆಯಿಂದ ಕರೆಂಟ್ ಹೊರಟು ಕ್ರಮವಾಗಿ ಕೆಳಗಿಳಿಯುತ್ತದೆ, ಹೃದಯ ಒಂದೇ ತಾಳದಲ್ಲಿ ಬಡಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತೊಂದರೆಯಲ್ಲಿ (ಡಾಕ್ಟರುಗಳು ಸುಮ್ನೆ ಎಎಫ್ ಅನ್ನುತ್ತಾರೆ) ಮೇಲಿನ ಕೋಣೆಗಳಲ್ಲಿ ಕರೆಂಟ್ ಅಡ್ಡಾದಿಡ್ಡಿ ಸುತ್ತುತ್ತದೆ. ಕೋಣೆ ಸರಿಯಾಗಿ ಹಿಂಡುವುದಿಲ್ಲ, ಬರೀ ನಡುಗುತ್ತದೆ. ಕೆಳಗಿನ ಕೋಣೆಗಳಿಗೆ ಹೊತ್ತುಗೊತ್ತಿಲ್ಲದೆ ಸಂದೇಶ ಬರುತ್ತದೆ. ನಾಡಿ ಕೆಡುತ್ತದೆ.

1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರ ತಂಡ ಒಂದು ಮುಖ್ಯ ಸಂಗತಿ ತೋರಿಸಿತು. ಬಿಟ್ಟು ಬಿಟ್ಟು ಬರುವ ಎಎಫ್‌ನಲ್ಲಿ ಈ ಅಡ್ಡಾದಿಡ್ಡಿ ಕರೆಂಟಿನ ಕಿಡಿ ಹೆಚ್ಚಾಗಿ ಹೊರಡುವುದು ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಂದ, ಅಂದರೆ ಅವು ಮೇಲಿನ ಎಡ ಕೋಣೆಗೆ ಬಂದು ಸೇರುವ ಜಾಗದಿಂದ. ಹೃದಯದ ಕೊಬ್ಬು ಆ ಸುತ್ತಮುತ್ತಲೂ ಇರುತ್ತದೆ. ಅದರೊಳಗೆ ಹೃದಯದ ಬಡಿತವನ್ನು ಏರಿಳಿಸುವ ನರಗಳ ಗಂಟುಗಳೂ ಹುದುಗಿರುತ್ತವೆ. ಕೊಬ್ಬು ಹೆಚ್ಚಾದಾಗ ಅದು ಉರಿಯೂತ ತರುವ ರಾಸಾಯನಿಕಗಳನ್ನು ಬಿಡುತ್ತದೆ, ಪಕ್ಕದ ಸ್ನಾಯುವಿನಲ್ಲಿ ನಾರು ಬೆಳೆಯುತ್ತದೆ, ಕೆಲವು ಕಡೆ ಕೊಬ್ಬಿನ ಕಣಗಳೇ ಸ್ನಾಯುವಿನ ಎಳೆಗಳ ನಡುವೆ ನುಗ್ಗುತ್ತವೆ. ಆಗ ಕರೆಂಟ್ ಒಂದು ಕಡೆ ನಿಧಾನ, ಒಂದು ಕಡೆ ಬೇಗ ಹರಿಯುತ್ತದೆ, ಸುತ್ತು ಹಾಕಿಕೊಂಡು ವಾಪಸ್ ಬರುತ್ತದೆ.

ಅಮೆರಿಕದ ಫ್ರೇಮಿಂಗ್‌ಹ್ಯಾಂ ಅಧ್ಯಯನದವರು 2010ರಲ್ಲಿ ಸಿಟಿ ಸ್ಕ್ಯಾನ್ ಅಳತೆಗಳನ್ನು ಇಟ್ಟುಕೊಂಡು, ಹೃದಯದ ಸುತ್ತ ಕೊಬ್ಬು ಹೆಚ್ಚಿದ್ದವರಲ್ಲಿ ಎಎಫ್ ಕೂಡ ಹೆಚ್ಚು ಕಂಡುಬರುತ್ತದೆ ಅಂತ ತೋರಿಸಿದರು. ದೇಹದ ಒಟ್ಟು ತೂಕದ ಲೆಕ್ಕ ಬದಿಗಿಟ್ಟು ನೋಡಿದರೂ ಆ ನಂಟು ಉಳಿಯಿತು. ಹಾಗಂತ ಕೊಬ್ಬು ಒಂದೇ ಕಾರಣ ಅಲ್ಲ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕವಾಟದ ತೊಂದರೆ, ಕುಡಿತ, ಗೊರಕೆಯ ಕಾಯಿಲೆ ಎಲ್ಲವೂ ಸಾಲಾಗಿ ನಿಂತಿವೆ.

ಹೆಜ್ಜೆ 1: ನಾಡಿ ಹಿಡಿಯಿರಿ

ಐದು ನಿಮಿಷ ಸುಮ್ಮನೆ ಕೂರಿ. ಆಗಷ್ಟೇ ತೋಟದ ಏರಿ ಹತ್ತಿ ಬಂದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕೂರಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ಮೂಳೆಗೂ ನರಕ್ಕೂ ನಡುವಿನ ತಗ್ಗಿನಲ್ಲಿ ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ನಾಡಿ ಸಿಕ್ಕಿ ಗೊಂದಲವಾಗುತ್ತದೆ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ಬೇಡ, ಯಾಕೆಂದರೆ ನಮಗೆ ಸಂಖ್ಯೆಗಿಂತ ತಾಳ ಮುಖ್ಯ.

ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ ಸಾಮಾನ್ಯ. ನಡುನಡುವೆ ಒಂದು ಬಡಿತ ತಪ್ಪಿ ಮತ್ತೆ ಸರಿಯಾದರೆ ಹೆದರಬೇಡಿ, ಅದು ಬಹಳ ಜನರಿಗೆ ಆಗುತ್ತದೆ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಹೇಳಿದರೆ ಸಾಕು. ಎಎಫ್‌ನ ನಾಡಿ ಬೇರೆಯದೇ ಥರ. ಜೋರು ಮಳೆ ನಿಂತ ಮೇಲೆ ಹಂಚಿನ ಸೂರಿನಿಂದ ಹನಿ ಬೀಳುತ್ತದಲ್ಲ, ಎರಡು ಒಟ್ಟಿಗೆ, ಆಮೇಲೆ ತಡೆದು ಒಂದು, ಮತ್ತೆ ಮೂರು, ಹಾಗೆ. ಮುಂದಿನದು ಯಾವಾಗ ಅಂತ ಊಹಿಸಲು ಆಗುವುದಿಲ್ಲ. ಹನಿಯ ಗಾತ್ರವೂ ಒಂದೇ ಥರ ಇರುವುದಿಲ್ಲ, ಕೆಲವು ಬಡಿತ ಜೋರು, ಕೆಲವು ಕೈಗೆ ಸಿಗದಷ್ಟು ಮೆಲ್ಲಗೆ.

ಮನೆಯಲ್ಲಿ ಬಿಪಿ ಮಿಷನ್ ಇದ್ದರೆ ಅದರ ಪರದೆ ಮೇಲೆ ಸಣ್ಣ ಹೃದಯದ ಚಿತ್ರ ಬೇರೆ ರೀತಿ ಮಿನುಗುವುದನ್ನು ನೋಡಿರಬಹುದು. ಹಲವು ಮಿಷನ್‌ಗಳಲ್ಲಿ ಅದು ತಾಳ ತಪ್ಪಿದೆ ಅನ್ನುವ ಸೂಚನೆ, ಜೊತೆಗೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಬ್ಯಾಟರಿ ಹೋಗಿದೆ ಅಂತ ತಳ್ಳಿಹಾಕಬೇಡಿ. ತಾಳ ತಪ್ಪಿದವರಲ್ಲಿ ಬಿಪಿ ಸಂಖ್ಯೆಯೂ ಒಂದೊಂದು ಸಲ ಒಂದೊಂದು ಬರುತ್ತದೆ, ಅದಕ್ಕೇ ಒಂದೆರಡು ನಿಮಿಷ ಬಿಟ್ಟು ಬಿಟ್ಟು ಮೂರು ಸಲ ನೋಡಿ ಸರಾಸರಿ ಹಿಡಿಯಿರಿ. ಮಗ ಕೊಡಿಸಿದ ಸ್ಮಾರ್ಟ್ ವಾಚ್ ‘ಇರ್ರೆಗ್ಯುಲರ್’ ಅಂತ ತೋರಿಸಿದರೂ ಅದು ರೋಗ ನಿರ್ಣಯ ಅಲ್ಲ, ಇಸಿಜಿ ಮಾಡಿಸಿ ಅನ್ನುವ ಸೂಚನೆ ಅಷ್ಟೇ.

ಎಲ್ಲರಿಗೂ ಎದೆ ಡವಡವ ಅನ್ನುವುದಿಲ್ಲ. ಕೆಲವರಿಗೆ ಬರೀ ಸುಸ್ತು. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಗುಡ್ಡದಲ್ಲಿ ಈಗ ಎರಡು ಕಡೆ ನಿಲ್ಲಬೇಕು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ, ಲಕ್ವ ಹೊಡೆದ ದಿನವೇ ಎಎಫ್ ಇತ್ತು ಅಂತ ತಿಳಿಯುತ್ತದೆ. ಅದಕ್ಕೇ 65 ದಾಟಿದವರು, ಬಿಪಿ ಅಥವಾ ಸಕ್ಕರೆ ಇರುವವರು ತೊಂದರೆ ಇರಲಿ ಬಿಡಲಿ, ಆಗಾಗ ನಾಡಿ ನೋಡಿಕೊಳ್ಳುವುದು ಒಳ್ಳೆಯದು. ದುಡ್ಡು ಬೇಡ, ಪೇಟೆಗೆ ಹೋಗಬೇಕಿಲ್ಲ.

ಹೆಜ್ಜೆ 2: ತಾಳ ತಪ್ಪಿದ ಹೊತ್ತಿನಲ್ಲೇ ಇಸಿಜಿ ಆಗಬೇಕು

ಎಎಫ್ ಹೌದೋ ಅಲ್ಲವೋ ಅಂತ ಹೇಳುವುದು ಇಸಿಜಿ ಮಾತ್ರ. ಕಷ್ಟ ಏನೆಂದರೆ ಶುರುವಿನಲ್ಲಿ ಇದು ಬಂದು ಹೋಗುತ್ತದೆ. ರಾತ್ರಿ ಎರಡು ಗಂಟೆ ಎದೆ ಹೊಡೆದುಕೊಂಡು ಬೆಳಿಗ್ಗೆ ಸರಿಯಾಗಿ, ಹತ್ತು ಗಂಟೆಗೆ ಪೇಟೆಗೆ ಹೋಗಿ ಇಸಿಜಿ ಮಾಡಿಸಿದರೆ ಕಾಗದದಲ್ಲಿ ಏನೂ ಇರುವುದಿಲ್ಲ. ‘ಗ್ಯಾಸ್ ಇರಬೇಕು’ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ.

ಅದಕ್ಕೇ ತಾಳ ತಪ್ಪಿದೆ ಅಂತ ಕೈಗೆ ಗೊತ್ತಾದ ಕೂಡಲೇ ಹತ್ತಿರದಲ್ಲಿ ಎಲ್ಲಿ ಇಸಿಜಿ ಇದೆಯೋ ಅಲ್ಲಿಗೆ ಹೋಗಿ. ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರದಂಥ ತಾಲ್ಲೂಕು ಆಸ್ಪತ್ರೆ ಸಾಕು. ಇಸಿಜಿಯ ಕಾಗದ ಕೇಳಿ ಪಡೆದುಕೊಳ್ಳಿ, ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ಬರುಬರುತ್ತಾ ಮಾಸುತ್ತದೆ. ಎಷ್ಟು ಗಂಟೆಗೆ ಶುರುವಾಯಿತು ಅಂತಲೂ ಬರೆದಿಡಿ. ಇದು ಸಣ್ಣ ವಿಷಯ ಅಲ್ಲ. ತಾಳವನ್ನು ತಕ್ಷಣ ಸರಿಪಡಿಸಲು ನೋಡಬಹುದಾ, ಅಥವಾ ಮೊದಲು ಕೆಲವು ವಾರ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ಆಮೇಲೆ ನೋಡಬೇಕಾ ಅನ್ನುವುದನ್ನು ಡಾಕ್ಟರ್ ಆ ಸಮಯದ ಮೇಲೇ ತೀರ್ಮಾನಿಸುತ್ತಾರೆ.

ಸಿಕ್ಕಿಬೀಳದಿದ್ದರೆ ಹೋಲ್ಟರ್ ಅಂತ ಇದೆ, ಹೃದಯದ ತಾಳ ದಾಖಲಿಸುವ ಸಣ್ಣ ಮಿಷನ್, ಅದನ್ನು ಎದೆಗೆ ಅಂಟಿಸಿಕೊಂಡು 24 ಗಂಟೆಯೋ ಇನ್ನೂ ಹೆಚ್ಚೋ ಮನೆಯಲ್ಲೇ ಓಡಾಡಿಕೊಂಡಿರುವುದು. ಆ ದಿನ ಮಲಗಿಕೊಂಡೇ ಇರಬೇಡಿ, ಮಾಮೂಲಿ ಕೆಲಸ ಮಾಡಿ, ಇಲ್ಲದಿದ್ದರೆ ಹಾಕಿದ್ದಕ್ಕೂ ಅರ್ಥ ಇಲ್ಲ.

ಎಎಫ್ ಅಂತ ಖಚಿತವಾದರೆ ಎಕೋ, ಥೈರಾಯ್ಡ್, ಸಕ್ಕರೆ, ಕಿಡ್ನಿಯ ಕ್ರಿಯಾಟಿನಿನ್, ರಕ್ತದ ಲವಣಾಂಶ ಇಷ್ಟು ಪರೀಕ್ಷೆ ಸಾಮಾನ್ಯವಾಗಿ ಬರೆಯುತ್ತಾರೆ. ಥೈರಾಯ್ಡ್ ಬಿಡಬೇಡಿ. ಥೈರಾಯ್ಡ್ ಜಾಸ್ತಿಯಾದರೆ ಹೃದಯ ತಾಳ ತಪ್ಪುತ್ತದೆ, ಕಡಿಮೆ ಇದೆ ಅಂತ ತೆಗೆದುಕೊಳ್ಳುವ ಮಾತ್ರೆಯ ಡೋಸ್ ಹೆಚ್ಚಾದರೂ ಹಾಗೇ ಆಗುತ್ತದೆ. ಎಕೋದಲ್ಲಿ ಮೇಲಿನ ಎಡ ಕೋಣೆ ದೊಡ್ಡದಾಗಿದೆಯಾ, ಕವಾಟ ಹೇಗಿದೆ ಅನ್ನುವುದು ಮುಖ್ಯ. ಕೊಬ್ಬಿನ ದಪ್ಪವನ್ನೂ ಎಕೋದಲ್ಲೇ ನೋಡಬಹುದು, ಬಲ ಕೆಳಕೋಣೆಯ ಮುಂದೆ ಮಿಲಿಮೀಟರ್ ಲೆಕ್ಕದಲ್ಲಿ. ಆದರೆ ಅದು ಒಂದು ಜಾಗದ ಅಳತೆ ಮಾತ್ರ, ಅಳೆಯುವವರ ಕೈ ಬದಲಾದರೆ ಸಂಖ್ಯೆಯೂ ಅಷ್ಟಿಷ್ಟು ಬದಲಾಗುತ್ತದೆ. ಪೂರ್ತಿ ಲೆಕ್ಕ ಸಿಗುವುದು ಸಿಟಿ ಅಥವಾ ಎಂಆರ್‌ಐನಲ್ಲಿ. ಬರೀ ಇದನ್ನು ಅಳೆಯಲು ಸಿಟಿ ಮಾಡಿಸಬೇಡಿ. ದುಡ್ಡು ಹೋಗುತ್ತದೆ, ವಿಕಿರಣ ತಾಗುತ್ತದೆ, ಸಂಖ್ಯೆ ಎಷ್ಟೇ ಬಂದರೂ ಮಾಡಬೇಕಾದ ಕೆಲಸ ಅದೇ.

ಹೆಜ್ಜೆ 3: ‘ನನಗೆ ಲಕ್ವದ ಅಪಾಯ ಎಷ್ಟು?’ ಅಂತ ಕೇಳಿ

ಇದನ್ನು ಕೇಳದೆ ಡಾಕ್ಟರ್ ಕೋಣೆಯಿಂದ ಎದ್ದು ಬರಬೇಡಿ. ಮೇಲಿನ ಕೋಣೆ ಸರಿಯಾಗಿ ಹಿಂಡದಿದ್ದರೆ ಅದರ ಎಡಗಡೆಯ ಒಂದು ಸಣ್ಣ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅಲ್ಲಿಂದ ಒಂದು ತುಣುಕು ಮೆದುಳಿಗೆ ಹೋದರೆ ಲಕ್ವ. ಎಎಫ್ ಇರುವವರಲ್ಲಿ ಈ ಅಪಾಯ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಅಂತ ಫ್ರೇಮಿಂಗ್‌ಹ್ಯಾಂನವರು 1991ರಲ್ಲೇ ಲೆಕ್ಕ ಕೊಟ್ಟಿದ್ದರು.

ಎಲ್ಲರಿಗೂ ಒಂದೇ ಅಪಾಯ ಅಲ್ಲ. ವಯಸ್ಸು 65 ದಾಟಿದೆಯಾ, 75 ದಾಟಿದೆಯಾ, ಬಿಪಿ ಇದೆಯಾ, ಸಕ್ಕರೆ ಇದೆಯಾ, ಮೊದಲು ಲಕ್ವ ಆಗಿತ್ತಾ, ಹೃದಯ ದುರ್ಬಲವಾಗಿದೆಯಾ, ರಕ್ತನಾಳದ ಕಾಯಿಲೆ ಇದೆಯಾ, ಇವಕ್ಕೆಲ್ಲ ಅಂಕ ಹಾಕಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಅಂಕ ಹೆಚ್ಚಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ.

‘ನಾನು ದಿನಾ ಆಸ್ಪಿರಿನ್ ತಗೋತೀನಲ್ಲ, ಅದೂ ರಕ್ತ ತೆಳು ಮಾಡೋದೇ ಅಲ್ವಾ?’ ಅಲ್ಲ. ಎಎಫ್‌ನಿಂದ ಆಗುವ ಲಕ್ವಕ್ಕೆ ಆಸ್ಪಿರಿನ್ ಸಾಲುವುದಿಲ್ಲ. ಸ್ಟೆಂಟ್ ಇದ್ದು ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನು ಓದಿ ತಾವಾಗಿ ನಿಲ್ಲಿಸಿಬಿಡಬೇಡಿ, ಅದು ಬೇರೆ ಲೆಕ್ಕ.

ಈ ಮಾತ್ರೆಗಳಲ್ಲಿ ಎರಡು ಬಗೆ. ಹಳೆಯವು ವಾರ್ಫರಿನ್, ಅಸಿನೋಕೌಮರಾಲ್. ಇವಕ್ಕೆ ಆಗಾಗ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಬೇಕು, ಸಾಮಾನ್ಯವಾಗಿ 2ರಿಂದ 3ರ ನಡುವೆ ಇಡುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸ ತಗ್ಗಿಸುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ಒಂದೇ ಹದದಲ್ಲಿ ತಿನ್ನಬೇಕು. ನಮ್ಮಲ್ಲಿ ಕಷ್ಟ ಇರುವುದೇ ಅಲ್ಲಿ. ಬೇಸಗೆಯಲ್ಲಿ ಸೊಪ್ಪಿನ ಮುಖ ನೋಡದವರು ಮಳೆ ಬಿದ್ದ ಮೇಲೆ ಒಂದೆಲಗ, ಬಸಳೆ, ಹರಿವೆ, ಕೆಸುವಿನ ಸೊಪ್ಪು ಅಂತ ದಿನಾ ತಿನ್ನುತ್ತಾರೆ. ಊಟ ಹಾಗೆ ಬದಲಾಗುವ ಕಾಲಕ್ಕೆ ಒಂದು ಸಲ ಹೆಚ್ಚಿಗೆ ಐಎನ್‌ಆರ್ ಮಾಡಿಸಿ.

ಹೊಸವು ಡಾಬಿಗಟ್ರಾನ್, ರಿವರೋಕ್ಸಾಬಾನ್, ಎಪಿಕ್ಸಾಬಾನ್. ಐಎನ್‌ಆರ್ ಬೇಡ, ಆದರೆ ಕಿಡ್ನಿ ಪರೀಕ್ಷೆ ಆಗಾಗ ಬೇಕು, ಡೋಸ್ ಅದರ ಮೇಲೆ ನಿಲ್ಲುತ್ತದೆ. ರಿವರೋಕ್ಸಾಬಾನ್ ಅನ್ನು ಎಎಫ್‌ಗೆ ಊಟದ ಜೊತೆ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರುವುದಿಲ್ಲ. ಡಾಬಿಗಟ್ರಾನ್ ಕ್ಯಾಪ್ಸೂಲಿಗೆ ತೇವ ಆಗಿಬರುವುದಿಲ್ಲ. ಆಗುಂಬೆ, ಬಿದನೂರು ನಗರ ಸೀಮೆಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಕ್ಯಾಪ್ಸೂಲ್ ಕೇಳಬೇಕಾ? ವಾರದ ಮಾತ್ರೆಯನ್ನೆಲ್ಲ ಒಟ್ಟಿಗೆ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ, ಆ ಹೊತ್ತಿನದನ್ನು ಆಗಲೇ ಸ್ಟ್ರಿಪ್‌ನಿಂದ ತೆಗೆಯಿರಿ. ಚಿಕ್ಕಂದಿನ ಕೀಲುವಾತ ಜ್ವರದಿಂದ ಕವಾಟ ಕಿರಿದಾದವರಿಗೆ ಈ ಹೊಸ ಮಾತ್ರೆ ಹೊಂದುವುದಿಲ್ಲ, ಅವರಿಗೆ ಹಳೆಯದೇ. ಬೆಲೆ ಭಾರ ಅನ್ನಿಸಿದರೆ ಮಾತ್ರೆ ನಿಲ್ಲಿಸುವ ಬದಲು ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ, ಅಥವಾ ಡಾಕ್ಟರಿಗೆ ನೇರವಾಗಿ ಹೇಳಿ. ಅದರಲ್ಲಿ ನಾಚಿಕೆ ಏನು ಬಂತು.

ರಕ್ತ ತೆಳು ಮಾಡುವ ಮಾತ್ರೆ ಶುರುವಾದ ಮೇಲೆ ತೋಟದ ಬದುಕಿನಲ್ಲಿ ಕೆಲವು ಎಚ್ಚರ ಬೇಕು. ಉಂಬಳ (ಜಿಗಣೆ) ಕಚ್ಚಿದರೆ ಮಾಮೂಲಿ ಜನರಿಗೇ ರಕ್ತ ಬೇಗ ನಿಲ್ಲುವುದಿಲ್ಲ, ಅದರ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಮಾತ್ರೆಯೂ ಸೇರಿದರೆ ಇನ್ನೂ ಹೊತ್ತು ಸೋರುತ್ತದೆ. ಗಮ್‌ಬೂಟ್ ಹಾಕಿ, ಕಚ್ಚಿದ ಜಾಗವನ್ನು ಶುದ್ಧ ಬಟ್ಟೆಯಿಂದ ಬಿಡದೆ ಒತ್ತಿ ಹಿಡಿಯಿರಿ. ಕತ್ತಿ ಕೆಲಸಕ್ಕೆ ಕೈಗವಸು ಇರಲಿ. ಮರ ಹತ್ತುವುದು ಬೇಡ. ಬೆನ್ನುನೋವು ಅಂತ ಮೆಡಿಕಲ್‌ನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದನ್ನು ಇವತ್ತೇ ಬಿಡಿ, ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ, ತಲೆಗೆ ಪೆಟ್ಟು ಬಿದ್ದರೆ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಬೈದರೆ ಬೈಯಲಿ.

ಹೆಜ್ಜೆ 4: ಈಗ ಕೊಬ್ಬಿನ ವಿಷಯ, ಅದಕ್ಕೆ ಟೇಪ್ ಸಾಕು

ಟೈಲರ್ ಟೇಪ್ ತಂದು ಸೊಂಟದ ಸುತ್ತಳತೆ ನೋಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಪಂಚೆ ಕಟ್ಟುವ ಜಾಗ ಅಲ್ಲ, ಅದು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಭಾರತೀಯರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಜಾಸ್ತಿ ಅಂತ ಲೆಕ್ಕ.

ಇಳಿಸಿದರೆ ಉಪಯೋಗ ಇದೆಯಾ? ಇದೆ, ಅದೂ ಚೆನ್ನಾಗಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ತೂಕ ಹೆಚ್ಚಿದ್ದ ಎಎಫ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಲೆಗಸಿ ಅಧ್ಯಯನದಲ್ಲಿ, ತಮ್ಮ ತೂಕದ 10% ಅಥವಾ ಹೆಚ್ಚು ಇಳಿಸಿದವರು ತಾಳ ತಪ್ಪದೆ ಉಳಿಯುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಇತ್ತು. 80 ಕೆ.ಜಿ. ಇದ್ದವರಿಗೆ 8 ಕೆ.ಜಿ. ಅಂದ ಹಾಗಾಯಿತು. ಅದೇ ಅಧ್ಯಯನದ ಇನ್ನೊಂದು ಮಾತು ಜನ ಹೇಳುವುದೇ ಇಲ್ಲ: ತೂಕ ಇಳಿಸಿ, ಮತ್ತೆ ಏರಿಸಿ, ಮತ್ತೆ ಇಳಿಸಿ ಹೀಗೆ 5%ಗಿಂತ ಹೆಚ್ಚು ಏರುಪೇರು ಮಾಡಿಕೊಂಡವರಿಗೆ ಸಿಕ್ಕ ಲಾಭದಲ್ಲಿ ಒಂದು ಪಾಲು ಕೈತಪ್ಪಿತು. ಆದ್ದರಿಂದ ಮದುವೆ ಸೀಸನ್ ಮುಗಿದ ಮೇಲೆ ಒಂದು ತಿಂಗಳು ಉಪವಾಸ ಬೀಳುವ ಕಾರ್ಯಕ್ರಮ ಬೇಡ. ಆರು ತಿಂಗಳು, ಒಂದು ವರ್ಷ ತೆಗೆದುಕೊಂಡರೂ ಪರವಾಗಿಲ್ಲ.

ಹೊಟ್ಟೆಯ ತೂಕ ಇಳಿದಾಗ ಹೃದಯದ ಮೇಲಿನ ಕೊಬ್ಬೂ ಕಡಿಮೆಯಾಗುತ್ತದೆ. ಅದನ್ನು ಮಾತ್ರ ಆರಿಸಿ ಕರಗಿಸುವ ಪುಡಿ, ಕಷಾಯ, ಎಣ್ಣೆ ಯಾವುದೂ ಇಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಹೊಸ ಔಷಧಗಳಿಂದ ಈ ಕೊಬ್ಬು ತಗ್ಗುವುದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅವನ್ನು ಕೊಡುವುದು ಸಕ್ಕರೆಗೆ ಅಥವಾ ತೂಕಕ್ಕೆ, ಇದಕ್ಕೇ ಅಂತ ಅಲ್ಲ.

ಊಟದ ವಿಷಯದಲ್ಲಿ ತುಪ್ಪದ ಮೇಲೆ ಎಲ್ಲರಿಗೂ ಸಿಟ್ಟು. ನಿಜ ಹೇಳಬೇಕೆಂದರೆ ನಮ್ಮ ಮನೆಗಳಲ್ಲಿ ಹೊಟ್ಟೆ ಬೆಳೆಸುವುದು ಹೆಚ್ಚಾಗಿ ಅಕ್ಕಿ. ಬೆಳಿಗ್ಗೆ ದೋಸೆ, ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ನಡುವೆ ಬೆಲ್ಲದ ಕಾಫಿ, ದೋಸೆಗೆ ಜೋನಿ ಬೆಲ್ಲ. ದಿನವಿಡೀ ಗದ್ದೆಯಲ್ಲಿ ಬಗ್ಗಿದ್ದ ಅಜ್ಜನಿಗೆ ಅದು ಸರಿಹೋಗುತ್ತಿತ್ತು. ಈಗ ಅಡಿಕೆ ಸುಲಿಯಲು ಮಿಷನ್, ಕಳೆ ಹೊಡೆಯಲು ಮಿಷನ್, ಡೈರಿಗೆ ಹಾಲು ಹಾಕಲು ಬೈಕ್, ತಟ್ಟೆ ಮಾತ್ರ ಅಜ್ಜನದೇ. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಪಲ್ಯ, ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರಾದರೆ ಮೀನು ಮೊಟ್ಟೆ ತನ್ನಿ. ತಂಬುಳಿ ಒಳ್ಳೆಯದು, ಆದರೆ ತಂಬುಳಿ ರುಚಿಯಾಗಿದೆ ಅಂತ ಮೂರನೇ ಸಲ ಅನ್ನ ಹಾಕಿಸಿಕೊಂಡರೆ ಲೆಕ್ಕ ಅಲ್ಲಿಗೇ ಬಂತು. ಹಂದಿ ಸಾರು, ಹೋಳಿಗೆ ಎಲ್ಲ ಹಬ್ಬಕ್ಕಿರಲಿ.

ಉಪ್ಪು ಬಿಪಿ ಏರಿಸುತ್ತದೆ, ಬಿಪಿ ಎಎಫ್‌ಗೆ ದಾರಿ ಮಾಡುತ್ತದೆ. ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಎಲ್ಲ ಸೇರಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಒಣಮೀನು ಇವೆಲ್ಲ ಒಂದೇ ಊಟದಲ್ಲಿ ಕೂಡಿದರೆ ಆ ಚಮಚ ದಾಟಿದ್ದೇ ಗೊತ್ತಾಗುವುದಿಲ್ಲ. ಮಿಡಿ ಬಿಡಿ ಅಂತ ಸಾಗರದ ಕಡೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಒಂದು ಮಿಡಿ ಎರಡು ಊಟಕ್ಕೆ ಬರಲಿ.

ಹೆಜ್ಜೆ 5: ನಡೆಯುವುದು, ಮಳೆ ಬಂದರೂ

ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಶಿವಮೊಗ್ಗ ಪೇಟೆಯವರಿಗೆ ಗಾಂಧಿ ಪಾರ್ಕ್ ಇದೆ, ನೆಹರೂ ಕ್ರೀಡಾಂಗಣ ಇದೆ. ಹಳ್ಳಿಯವರು ‘ನಾವು ದಿನಾ ತೋಟಕ್ಕೆ ಹೋಗ್ತೀವಲ್ಲ’ ಅನ್ನುತ್ತಾರೆ. ತೋಟಕ್ಕೆ ಹೋಗಿ ಆಳುಗಳ ಹತ್ತಿರ ನಿಂತು ಮಾತಾಡಿ ಬರುವುದು ನಡಿಗೆ ಅಲ್ಲ.

ಜೂನ್‌ನಿಂದ ನಾಲ್ಕು ತಿಂಗಳು ಹೊರಗೆ ಕಾಲಿಡಲು ಆಗದ ಊರುಗಳಲ್ಲಿ ಜಗಲಿ, ಹೆಬ್ಬಾಗಿಲಿನಿಂದ ಕೊಟ್ಟಿಗೆವರೆಗಿನ ಸೂರು, ಅಡಿಕೆ ಇಲ್ಲದ ಹೊತ್ತಿನಲ್ಲಿ ಖಾಲಿ ಇರುವ ಅಟ್ಟ ಎಲ್ಲವೂ ಆಗುತ್ತದೆ. ಹತ್ತು ಹತ್ತು ನಿಮಿಷವಾಗಿ ಒಡೆದು ನಡೆಯಿರಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನೂ ಸೇರಿಸಿ. ಪಾಚಿ ಕಟ್ಟಿದ ಅಂಗಳಕ್ಕೆ ಮಾತ್ರ ಇಳಿಯಬೇಡಿ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಜಾರಿ ಬಿದ್ದರೆ ಇದ್ದದ್ದೂ ಹೋಯಿತು.

ಬೇಸಗೆಯಲ್ಲಿ ನಡಿಗೆ ಅಂತ ಕಾಡಿನ ದಾರಿ ಹಿಡಿಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣುಗಿನಿಂದ ಹರಡುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಡಾಂಬರು ರಸ್ತೆಯೇ ವಾಸಿ.

ನಾಡಿ ಇನ್ನೂ ಹತೋಟಿಗೆ ಬಂದಿಲ್ಲ, ಕೂತಲ್ಲೇ 110–120 ಇದೆ ಅಂದರೆ ವ್ಯಾಯಾಮ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಹೆಜ್ಜೆ 6: ಉಳಿದ ಕಿಡಿಗಳು

ಕುಡಿತದ ಬಗ್ಗೆ ಉದ್ದ ಬರೆಯುವುದಿಲ್ಲ. ಎಎಫ್ ಇರುವ 140 ಕುಡಿಯುವವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಕುಡಿತ ಬಿಡಿಸಿ ನೋಡಿದ ಆಸ್ಟ್ರೇಲಿಯಾದ ಪರೀಕ್ಷೆ 2020ರಲ್ಲಿ ಬಂತು. ಮತ್ತೆ ಎಎಫ್ ಬಂದದ್ದು ಕುಡಿಯುತ್ತಲೇ ಇದ್ದವರಲ್ಲಿ 73%, ಬಿಟ್ಟವರಲ್ಲಿ 53%. ಇಷ್ಟು ಸಾಕು ಅನ್ನಿಸುತ್ತದೆ. ಹಬ್ಬ, ಜಾತ್ರೆ, ಮದುವೆ ಹಿಂದಿನ ರಾತ್ರಿ ಒಟ್ಟಿಗೆ ಜಾಸ್ತಿ ಕುಡಿಯುವುದಂತೂ ಎಎಫ್ ಎಬ್ಬಿಸಲು ಹೆಸರಾದದ್ದು.

ಕವಳದ (ಎಲೆ ಅಡಿಕೆ ಜಗಿಯುವುದರ) ಬಗ್ಗೆ ಬರೆದರೆ ಬೆಳೆಗಾರರಿಗೆ ಬೇಸರ ಆಗಬಹುದು. ಸೊಕ್ಕಿನ ಅಡಿಕೆ ಬಾಯಿಗೆ ಬಿದ್ದರೆ ಎದೆ ಹೊಡೆದುಕೊಂಡು ಬೆವರು ಕಿತ್ತುಬರುವುದು ಇಲ್ಲಿ ಎಲ್ಲರಿಗೂ ಗೊತ್ತು. ಅಡಿಕೆಯ ಅರೆಕೋಲಿನ್ ನರಗಳ ಮೇಲೆ ಕೆಲಸ ಮಾಡುತ್ತದೆ, ತಂಬಾಕು ಸೇರಿದರೆ ನಿಕೋಟಿನ್ ಬಡಿತ ಏರಿಸುತ್ತದೆ. ತಾಳ ತಪ್ಪುವ ಹೃದಯ ಇರುವವರಿಗೆ ಇದು ಬೇಡ. ಬೆಳೆಯುವುದು ಬೇರೆ, ಜಗಿಯುವುದು ಬೇರೆ.

ಕಾಫಿ? ಹೆದರಬೇಡಿ. ದಿನಕ್ಕೆ ಒಂದೆರಡು ಲೋಟ ಕಾಫಿಯಿಂದ ಎಎಫ್ ಹೆಚ್ಚುತ್ತದೆ ಅನ್ನಲು ಆಧಾರ ಇಲ್ಲ. ಕುಡಿದರೆ ಎದೆ ಹಾರುತ್ತದೆ ಅಂತ ನಿಮಗೇ ಅನ್ನಿಸಿದರೆ ಬಿಡಿ.

ಗೊರಕೆಯನ್ನು ಮನೆಯವರು ಹೇಳಬೇಕು, ಹೊಡೆಯುವವರಿಗೆ ಗೊತ್ತಾಗುವುದಿಲ್ಲ. ಜೋರು ಗೊರಕೆ, ನಡುವೆ ಉಸಿರೇ ನಿಂತ ಹಾಗೆ ಆಗಿ ಗಕ್ಕನೆ ಮತ್ತೆ ಶುರು, ಹಗಲು ಕೂತಲ್ಲೇ ತೂಕಡಿಕೆ ಇದ್ದರೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಬಿಪಿ ಸಾಮಾನ್ಯವಾಗಿ 130/80ರ ಒಳಗೆ ಇರಲಿ ಅನ್ನುತ್ತಾರೆ, ನಿಮ್ಮ ಗುರಿ ಎಷ್ಟು ಅಂತ ಡಾಕ್ಟರ್ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಡಾಕ್ಟರ್ ಮುಂದೇನು ಮಾಡಬಹುದು

ಬಡಿತದ ವೇಗ ತಗ್ಗಿಸಲು ಮಾತ್ರೆ, ತಾಳ ಉಳಿಸಲು ಮಾತ್ರೆ, ಬೇಕಾದರೆ ಅರಿವಳಿಕೆ ಕೊಟ್ಟು ಸಣ್ಣ ಶಾಕ್. ಮಾತ್ರೆಗೆ ಬಗ್ಗದಿದ್ದರೆ, ಕೆಲವರಿಗೆ ಶುರುವಿನಲ್ಲೇ, ಅಬ್ಲೇಷನ್: ತೊಡೆಯ ನಾಳದಿಂದ ತಂತಿ ಹಾಕಿ ಆ ಶ್ವಾಸಕೋಶದ ನಾಳಗಳ ಬಾಯಿಯನ್ನು ಸುತ್ತಲೂ ಸುಟ್ಟು ಅಥವಾ ಅತಿ ತಂಪಿನಿಂದ ಮರಗಟ್ಟಿಸಿ ಕರೆಂಟ್ ದಾಟದಂತೆ ಮಾಡುವುದು. ಇದಕ್ಕೆ ನಮ್ಮವರು ಹೆಚ್ಚಾಗಿ ಮಣಿಪಾಲಕ್ಕೋ ಬೆಂಗಳೂರಿನ ಜಯದೇವಕ್ಕೋ ಹೋಗುತ್ತಾರೆ. ಅಬ್ಲೇಷನ್ ಆಯಿತು ಅಂತ ಹೆಪ್ಪುಗಟ್ಟದ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಹೊಟ್ಟೆ ಹಾಗೇ ಇದ್ದರೆ ತಾಳ ಮತ್ತೆ ತಪ್ಪುವ ಸಾಧ್ಯತೆ ಹೆಚ್ಚು, ಆದ್ದರಿಂದ ನಾಲ್ಕನೇ ಹೆಜ್ಜೆ ಆಮೇಲೂ ಮುಂದುವರಿಯುತ್ತದೆ.

ಕಾಯಬಾರದ ಹೊತ್ತು

ನಾಡಿ ತಾಳ ತಪ್ಪಿರುವಾಗ ಎದೆನೋವು, ಉಸಿರು ಸಿಗದಿರುವುದು, ಕಣ್ಣು ಕತ್ತಲೆ ಬಂದು ಬೀಳುವುದು ಆದರೆ 108. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ 108, ಐದು ನಿಮಿಷಕ್ಕೆ ಸರಿಹೋದರೂ ಸಹ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ, ಬೇಗ ಆದಷ್ಟೂ ಒಳ್ಳೆಯದು, ಮತ್ತು ಅದಕ್ಕೆ ಮೊದಲು ತಲೆಯ ಸಿಟಿ ಆಗಲೇಬೇಕು. ಹಾಗಾಗಿ ಸಿಟಿ ಇರುವ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್‌ಗೋ, ಘಾಟಿ ಇಳಿದು ಮಣಿಪಾಲಕ್ಕೋ ಅನ್ನುವ ಚರ್ಚೆ ಅಂಗಳದಲ್ಲಿ ರೋಗಿಯನ್ನು ಮಲಗಿಸಿಕೊಂಡು ಮಾಡುವಂಥದ್ದಲ್ಲ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದಿದ್ದರೆ ಆ ದಾರಿ ಇಲ್ಲ ಅಂತಲೇ ಲೆಕ್ಕ. ನಿಟ್ಟೂರು ಕಡೆಯಂಥ, ನೆಟ್‌ವರ್ಕ್ ಸಿಗದ ಮನೆಗಳವರು ಓಮ್ನಿ ಅಥವಾ ಜೀಪ್ ಇರುವ ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಒಂದು ಚೀಟಿ ಬರೆದು ಜೇಬಿನಲ್ಲಿಡಿ: ಎಎಫ್ ಇದೆ, ರಕ್ತ ತೆಳು ಮಾಡುವ ಮಾತ್ರೆಯ ಹೆಸರು, ಡೋಸ್, ದಿನಾ ಎಷ್ಟು ಗಂಟೆಗೆ ತೆಗೆದುಕೊಳ್ಳುವುದು, ಕೊನೆಯ ಕ್ರಿಯಾಟಿನಿನ್ ಅಥವಾ ಐಎನ್‌ಆರ್ ಎಷ್ಟು. ಹಲ್ಲು ಕೀಳುವ ಡಾಕ್ಟರಿಂದ ಹಿಡಿದು ತುರ್ತು ವಾರ್ಡಿನವರ ತನಕ ಎಲ್ಲರೂ ಕೇಳುವುದು ಇದನ್ನೇ, ಅದರಲ್ಲೂ ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಅನ್ನುವುದರ ಮೇಲೆ ಇಂಜೆಕ್ಷನ್ ಕೊಡಬಹುದೋ ಬೇಡವೋ ಅಂತ ನಿಲ್ಲುತ್ತದೆ. ಚೀಟಿಯ ಫೋಟೋ ಮನೆಯಲ್ಲಿ ಕನಿಷ್ಠ ಇಬ್ಬರ ಮೊಬೈಲಿನಲ್ಲಿರಲಿ, ಡೋಸ್ ಬದಲಾದ ದಿನವೇ ಹೊಸದು ಬರೆದು ಹಳೆಯದನ್ನು ಹರಿದು ಬಿಸಾಡಿ.